ಮದುವೆಯ ವರ್ಣಪಟ್ಟಿಯೂ ಅಂಗಡಿಯ ದಾಸ್ತಾನೂ

ಮದುವೆಯ ಜವಳಿ ತೆಗೆಯಲು ಬರುವ ಕುಟುಂಬವು ಹಿಂದೆ ಅಂಗಡಿಯ ಗಾದಿಯ ಮೇಲೆ ಕುಳಿತೊಡನೆ ಮೊದಲು ಬೆಲೆಯ ಮಾತನ್ನು ಎತ್ತುತ್ತಿತ್ತು. ಅನಂತರ ಜರಿಯ ಮಾತು, ಎಲ್ಲಕ್ಕಿಂತ ಕೊನೆಗೆ ಬಣ್ಣದ ಮಾತು. ಈಗ ಆ ಕ್ರಮ ಬದಲಾಗಿದೆ. ಮದುಮಗಳು ತನ್ನ ಮೊಬೈಲಿನಲ್ಲಿ ನಾಲ್ಕೈದು ಬಣ್ಣದ ಚೌಕಗಳಿರುವ ಚಿತ್ರವೊಂದನ್ನು ತೋರಿಸಿ, ತನ್ನ ಮದುವೆಯ ಬಣ್ಣಗಳು ಇವೇ ಎಂದು ತಿಳಿಸುತ್ತಾಳೆ. ಧಾರೆಯ ಸೀರೆ, ವರನ ಶೇರ್ವಾನಿ, ಆಮಂತ್ರಣ ಪತ್ರಿಕೆ, ಮಂಟಪದ ಹೂವು, ಬಂದವರಿಗೆ ಕೊಡುವ ತಾಂಬೂಲದ ಚೀಲ, ಇವೆಲ್ಲವೂ ಆ ಚೌಕಗಳ ಬಣ್ಣಕ್ಕೆ ಹೊಂದಬೇಕೆಂಬುದು ಆಕೆಯ ಅಪೇಕ್ಷೆ. ಮಾರುಕಟ್ಟೆಯಲ್ಲಿ ಇದಕ್ಕೆ ಕಲರ್ ಪ್ಯಾಲೆಟ್ ಎಂಬ ಹೆಸರು ರೂಢಿಯಾಗಿದೆ. ಈ ಲೇಖನದಲ್ಲಿ ಅದನ್ನು ವರ್ಣಪಟ್ಟಿ ಎಂದು ಕರೆಯುತ್ತೇನೆ.

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಜವಳಿ ವರ್ತಕರು, ಮುದ್ರಣಾಲಯದವರು, ಶಾಮಿಯಾನ ಮತ್ತು ಅಲಂಕಾರದ ಗುತ್ತಿಗೆದಾರರು, ಬಳೆ ವ್ಯಾಪಾರಿಗಳು, ಮಗ್ಗದ ಘಟಕಗಳ ಮಾಲೀಕರು ಎಲ್ಲರೂ ಇದ್ದಾರೆ. ಇಂತಹ ಹಲವರ ಲೆಕ್ಕಪತ್ರಗಳನ್ನು ಪರಿಶೋಧಿಸುವ ಸಂದರ್ಭದಲ್ಲಿ ಈ ವಿಷಯವಾಗಿ ಎರಡು ಅಭಿಪ್ರಾಯಗಳು ನನ್ನ ಕಿವಿಗೆ ಬೀಳುತ್ತವೆ. ಇದೆಲ್ಲ ಇಂದಿನ ಹುಡುಗ ಹುಡುಗಿಯರ ಹುಚ್ಚು, ಎರಡು ವರ್ಷದಲ್ಲಿ ತಾನಾಗಿ ಇಳಿದೀತು ಎನ್ನುವವರು ಕೆಲವರು. ಬೇಡಿಕೆ ಬಂದಿರುವಾಗ ಎಲ್ಲ ಛಾಯೆಗಳನ್ನೂ ತರಿಸಿ ಕಪಾಟು ತುಂಬಿಬಿಡೋಣ ಎನ್ನುವವರು ಮತ್ತೆ ಕೆಲವರು. ಇವೆರಡೂ ಸರಿಯಲ್ಲವೆಂದು ನಾನು ಭಾವಿಸುತ್ತೇನೆ. ವರ್ಣಪಟ್ಟಿಯೆಂಬುದು ಗ್ರಾಹಕರು ತಾವಾಗಿಯೇ ಸಿದ್ಧಪಡಿಸಿಕೊಂಡು ಬಂದ ಆದೇಶಪತ್ರ. ವರ್ತಕನಾದವನು ಅದನ್ನು ಓದಲು ಕಲಿಯಬೇಕು, ಅಗತ್ಯವಿದ್ದಲ್ಲಿ ತಿದ್ದಿಕೊಳ್ಳಲು ನೆರವಾಗಬೇಕು, ಒಪ್ಪಿದ್ದನ್ನು ಬರವಣಿಗೆಗೆ ಇಳಿಸಬೇಕು, ಬಣ್ಣ ಹೊಂದದಿದ್ದರೆ ನಷ್ಟ ಯಾರದೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಈ ಕೊನೆಯ ವಿಚಾರವನ್ನು ಯಾರೂ ನಿಶ್ಚಯಿಸದೆ ಬಿಡುವುದರಿಂದ ನಷ್ಟವು ಕೈಯಿಂದ ಕೈಗೆ ಜಾರುತ್ತ, ಸರಪಳಿಯ ಕೊನೆಯಲ್ಲಿರುವ ಬಣ್ಣಗಾರನ ಹಾಗೂ ನೇಕಾರನ ಕೂಲಿಯಲ್ಲಿ ಮುರಿದುಕೊಳ್ಳಲ್ಪಡುತ್ತಿದೆ.

ಮದುವೆಗೆ ಬಣ್ಣ ಗೊತ್ತುಮಾಡುವುದು ನಮಗೇನೂ ಹೊಸದಲ್ಲ. ಅರಿಶಿನ ಶಾಸ್ತ್ರದ ಹಳದಿ, ಬಳೆಗಾರನನ್ನು ಕರೆಸಿ ತೊಡಿಸುವ ಹಸಿರು ಗಾಜಿನ ಬಳೆ, ಕುಂಕುಮದ ಕೆಂಪು, ಚಪ್ಪರದ ತೆಂಗಿನ ಗರಿ ಮಾವಿನ ತೋರಣಗಳ ಹಸಿರು, ಇವು ತಲೆತಲಾಂತರದಿಂದ ಬಂದ ವರ್ಣಪಟ್ಟಿಯೇ. ಹಳೆಯ ಮೈಸೂರು ಪ್ರಾಂತದ ಅನೇಕ ಮನೆತನಗಳಲ್ಲಿ ಧಾರೆಯ ಹೊತ್ತಿಗೆ ಕೆಂಪು ಅಂಚಿನ ಬಿಳಿ ಅಥವಾ ಕೆನೆಬಣ್ಣದ ಸೀರೆ ಉಡಿಸುತ್ತಾರೆ. ಕೊಡವರ ಮದುವೆಯಲ್ಲಿ ಮುಹೂರ್ತದ ವೇಳೆ ವರನು ಬಿಳಿ ಕುಪ್ಯ ತೊಡುತ್ತಾನೆ, ವಧು ಕೆಂಪು ಸೀರೆ ಉಡುತ್ತಾಳೆ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಲ್ಲಿ ಸಾಡೊ ಎಂದು ಕರೆಯುವ ಕೆಂಪು ಸೀರೆಗೆ ಸ್ವಂತದ ಸ್ಥಾನವಿದೆ. ನಮ್ಮ ಇಳಕಲ್ಲಿನಲ್ಲಿ ಗಿರಿಕುಂಕುಮ ಎಂಬ ವಿಶಿಷ್ಟ ಕೆಂಪಿದೆ. ಹಿಂದಿನ ಪದ್ಧತಿಯಲ್ಲಿ ಬಣ್ಣವು ಶಾಸ್ತ್ರವನ್ನು ಅನುಸರಿಸುತ್ತಿತ್ತು. ಯಾವ ದಿನ, ಯಾವ ವಿಧಿ ಎಂದು ತಿಳಿದರೆ ಸಾಕು, ವರ್ತಕನಿಗೆ ಬಣ್ಣ ತಾನಾಗಿ ತಿಳಿಯುತ್ತಿತ್ತು. ಹೀಗಾಗಿ ದಾಸ್ತಾನಿನ ಅಂದಾಜು ಕಷ್ಟವಾಗಿರಲಿಲ್ಲ. ಈ ವರ್ಷ ಉಳಿದ ಕುಂಕುಮ ಬಣ್ಣದ ಸೀರೆ ಮುಂದಿನ ವೈಶಾಖದಲ್ಲಿ ಅದೇ ಬೆಲೆಗೆ ಹೋಗುತ್ತಿತ್ತು.

ಈ ನಿಶ್ಚಿಂತೆ ಈಗ ಉಳಿದಿಲ್ಲ. 2017ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ನಡೆದ ತಮ್ಮ ವಿವಾಹದಲ್ಲಿ ಚಿತ್ರನಟಿ ಅನುಷ್ಕಾ ಶರ್ಮಾ ಅವರು ತೆಳು ಗುಲಾಬಿ ಬಣ್ಣದ ಲೆಹೆಂಗಾ ಧರಿಸಿದ್ದರು. ಆ ಛಾಯಾಚಿತ್ರಗಳು ಹರಡಿದ ನಂತರದ ವರ್ಷಗಳಲ್ಲಿ ನಮ್ಮ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲೂ ಮಾಸಲು ಗುಲಾಬಿ, ಬೂದುಹಸಿರು, ತಿಳಿನೀಲಿ ಛಾಯೆಗಳನ್ನು ಕೇಳುವವರು ಹೆಚ್ಚಿದರು. ಅದೇ ತಿಂಗಳು ದೆಹಲಿಯಲ್ಲಿ ನಡೆದ ಆರತಕ್ಷತೆಗೆ ಅವರು ಉಟ್ಟದ್ದು ಕೆಂಪು ಬನಾರಸಿ ಸೀರೆ ಎಂಬುದನ್ನು ಮಾತ್ರ ಬಹಳ ಜನ ಮರೆತರು. ಇದಕ್ಕೆ ಜೊತೆಯಾಗಿ, ಅಮೆರಿಕದ ಪ್ಯಾಂಟೋನ್ ಸಂಸ್ಥೆಯು 2000ದಿಂದ ಈಚೆಗೆ ಪ್ರತಿ ವರ್ಷಕ್ಕೆ ಒಂದು ಬಣ್ಣವನ್ನು ಘೋಷಿಸುತ್ತ ಬಂದಿದೆ. 2024ಕ್ಕೆ ಪೀಚ್ ಹಣ್ಣಿನ ತೆಳುಬಣ್ಣ, 2025ಕ್ಕೆ ಹಾಲು ಹೆಚ್ಚಾದ ಕಾಫಿಯಂತಹ ಕಂದು, 2026ಕ್ಕೆ ಬಿಳಿಯ ಒಂದು ಛಾಯೆ. ಉಡುಪಿನ ವಿನ್ಯಾಸಕಾರರು, ಅಲಂಕಾರದವರು ಅದನ್ನು ಹಿಡಿದು ಚಿತ್ರಗಳನ್ನು ಮಾಡುತ್ತಾರೆ; ಆ ಚಿತ್ರಗಳು ನಮ್ಮ ಗ್ರಾಹಕರ ಮೊಬೈಲಿಗೆ ಬರುತ್ತವೆ.

ಮದುವೆಯ ಬಣ್ಣದ ಹಿಂದೆ ವ್ಯಾಪಾರದ ಉದ್ದೇಶವಿರುವುದು ಇದೇ ಮೊದಲಲ್ಲ. 1840ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು ಬಿಳಿಯ ಉಡುಪಿನಲ್ಲಿ ಮದುವೆಯಾದಳು. ಆ ಉಡುಪಿಗೆ ಸ್ವದೇಶದ ರೇಷ್ಮೆಯನ್ನೂ ಹೊನಿಟನ್ ಪ್ರದೇಶದ ಕೈಕಸುಬಿನ ಲೇಸನ್ನೂ ಬಳಸಿದ್ದು ಕಷ್ಟದಲ್ಲಿದ್ದ ಅಲ್ಲಿಯ ಕಸುಬುದಾರರಿಗೆ ಆಸರೆಯಾಗಲೆಂದು. ಪಾಶ್ಚಾತ್ಯ ವಧುವಿನ ಬಿಳಿಯುಡುಪು ವ್ಯಾಪಕವಾದುದು ಆ ಬಳಿಕ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣ ಮೊದಲ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದ. ಎರಡು ವರ್ಷಗಳ ತರುವಾಯ ಅದೇ ರಾಣಿ ತನ್ನ ಹಿರಿಯ ಮಗಳ ಮದುವೆಗೆ ತಿಳಿನೇರಳೆಯ ರೇಷ್ಮೆ ಉಡುಪು ತೊಟ್ಟು ಬಂದಳು, ಆ ಬಣ್ಣದ ಮೇಲಿನ ಮೋಹ ಮತ್ತಷ್ಟು ಏರಿತು. ಒಂದು ಮನೆಯ ಮದುವೆಯ ಬಣ್ಣವು ಯಾರ ಮಗ್ಗಕ್ಕೆ, ಯಾರ ಬಣ್ಣದ ಕಡಾಯಿಗೆ ಕೆಲಸ ಕೊಡುತ್ತದೆ ಎಂಬ ಲೆಕ್ಕವನ್ನು ಆ ದೇಶದವರು ಬಹಳ ಹಿಂದೆಯೇ ಅರಿತಿದ್ದರು.

ಈಗ ನನ್ನ ಮುಖ್ಯ ಆಕ್ಷೇಪಣೆಗೆ ಬರುತ್ತೇನೆ. ವರ್ಣಪಟ್ಟಿ ಆರಿಸುವುದು ತಮ್ಮ ಮದುವೆಗೆ ತಮ್ಮದೇ ಆದ ಲಕ್ಷಣ ಬರಲೆಂದು. ಆದರೆ ಅಂಗಡಿಗೆ ಬರುವ ಹತ್ತು ವರ್ಣಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಅದೇ ಬೂದುಹಸಿರು, ಅದೇ ಮಾಸಲು ಗುಲಾಬಿ, ಅದೇ ಕೆನೆಬಣ್ಣ, ಅದರೊಡನೆ ಅಷ್ಟು ಚಿನ್ನದ ಬಣ್ಣ. ಯಾರದೋ ಮದುವೆಯ ಚಿತ್ರವನ್ನು ನೋಡಿ ತೆಗೆದುಕೊಂಡ ಬಣ್ಣ ಸ್ವಂತದ್ದಾಗುವುದು ಹೇಗೆ? ತಿಳಿ ಛಾಯೆಗಳ ಬಗ್ಗೆ ನನಗೆ ದ್ವೇಷವಿಲ್ಲ. ನಡುಹಗಲಿನ ತೆರೆದ ಅಂಗಳದಲ್ಲಿ ಅವು ಬಹಳ ಚೆನ್ನಾಗಿ ಕಾಣುತ್ತವೆ. ಆದರೆ ರಾತ್ರಿಯ ಆರತಕ್ಷತೆಯಲ್ಲಿ, ಕೆನೆಬಣ್ಣದ ಗೋಡೆಯ ಕಲ್ಯಾಣಮಂಟಪದೊಳಗೆ, ಪ್ರಖರ ದೀಪಗಳ ಕೆಳಗೆ ಅದೇ ಸೀರೆ ಗೋಡೆಯೊಡನೆ ಬೆರೆತುಹೋಗುತ್ತದೆ. ಸಾವಿರಾರು ರೂಪಾಯಿ ಸುರಿದ ಕುಟುಂಬ ಛಾಯಾಚಿತ್ರ ಬಂದ ಮೇಲೆ ಮರುಗುತ್ತದೆ, ಬೈಗಳು ಅಂಗಡಿಯವನ ಪಾಲಿಗೆ ಬರುತ್ತವೆ.

ಸ್ವಂತದ ವರ್ಣಪಟ್ಟಿ ಹುಟ್ಟುವುದು ಮನೆಯೊಳಗಿನ ಯಾವುದಾದರೂ ಒಂದು ವಸ್ತುವಿನಿಂದ. ನನ್ನ ಕಕ್ಷಿದಾರರಾದ ಹಿರಿಯ ಜವಳಿ ವರ್ತಕರೊಬ್ಬರು ಮೊಬೈಲಿನ ಚಿತ್ರವನ್ನು ಸಾವಧಾನವಾಗಿ ನೋಡಿದ ಬಳಿಕ, "ನಿಮ್ಮ ಮನಿಯೊಳಗ ನಿಮ್ಮ ಅಜ್ಜಿಯವರದಾಗಲಿ, ತಾಯಿಯವರದಾಗಲಿ ನಿಮಗ ಭಾಳ ಸೇರೋ ಸೀರಿ ಯಾವುದವ್ವಾ? ನಾಳೆ ಅದನ್ನ ತೊಗೊಂಡ ಬರ್ರಿ" ಎನ್ನುತ್ತಾರೆ. ಮರುದಿನ ಬರುವುದು ದಾಳಿಂಬೆ ಬಣ್ಣದ ಒಂದು ಹಳೆಯ ಇಳಕಲ್ ಸೀರೆ ಆಗಿರಬಹುದು, ನವಿಲುಗೊರಳಿನ ಬಣ್ಣದ ಪೀತಾಂಬರ ಆಗಿರಬಹುದು, ಗುಳೇದಗುಡ್ಡದ ಕುಪ್ಪಸದ ಖಣವೊಂದೇ ಆಗಿರಬಹುದು. ಆ ಬಟ್ಟೆಯಲ್ಲಿ ಒಡಲಿನದೊಂದು ಬಣ್ಣ, ಅಂಚಿನದೊಂದು, ಸೆರಗಿನದೊಂದು, ಜರಿಯದೊಂದು ಎಂದು ಮೂರು ನಾಲ್ಕು ಬಣ್ಣಗಳು ಹೊಂದಿಕೊಂಡೇ ಇರುತ್ತವೆ. ಯಾರೋ ನುರಿತ ನೇಕಾರನು ಆ ಹೊಂದಿಕೆಯನ್ನು ಮಾಡಿಟ್ಟಿದ್ದಾನೆ. ಅದನ್ನೇ ಮೂಲವಾಗಿ ಹಿಡಿದರೆ ವರ್ಣಪಟ್ಟಿ ಅಲ್ಲೇ ಸಿದ್ಧವಾಯಿತು, ಅದು ಆ ಮನೆಯದೂ ಆಯಿತು. ಈ ಕ್ರಮದಿಂದ ಅವರ ಅಂಗಡಿಯಲ್ಲಿ ಒಂದು ಮದುವೆಯ ಒಟ್ಟು ಖರೀದಿ ಕಡಿಮೆಯಾಗಿಲ್ಲವೆಂಬುದನ್ನು ಅವರ ಲೆಕ್ಕದ ಪುಸ್ತಕಗಳನ್ನು ನೋಡುವ ನಾನು ಹೇಳಬಲ್ಲೆ. ಕಡಿಮೆಯಾಗಿರುವುದು ಬದಲಾಯಿಸಿಕೊಡಿ ಎಂದು ಹಿಂದಿರುಗಿ ಬರುವ ಸೀರೆಗಳ ಸಂಖ್ಯೆ.

ಬಣ್ಣವೊಂದು ವ್ಯಕ್ತಿಯ ಗುರುತಾಗುವುದಕ್ಕೆ ದಕ್ಷಿಣದಲ್ಲಿ ಉತ್ತಮ ನಿದರ್ಶನವಿದೆ. ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ಮುತ್ತು ಚೆಟ್ಟಿಯಾರ್ ಅವರು ನೇಯಿಸಿಕೊಟ್ಟ ನೀಲಿಯು ಇಂದಿಗೂ ಕಾಂಚೀಪುರದ ರೇಷ್ಮೆ ವ್ಯಾಪಾರದಲ್ಲಿ ಎಂ.ಎಸ್. ನೀಲಿ ಎಂದೇ ಹೆಸರಾಗಿದೆ. ಅದಕ್ಕೆ ಜಾಹೀರಾತು ಬೇಕಾಗಲಿಲ್ಲ.

ಮೂಲ ಬಣ್ಣ ಸಿಕ್ಕಿದ ಮೇಲೆ ಪ್ರಮಾಣದ ಪ್ರಶ್ನೆ. ಒಳಾಂಗಣ ಅಲಂಕಾರದವರು ಬಳಸುವ ಒಂದು ಸರಳ ಸೂತ್ರವಿದೆ: ನೂರರಲ್ಲಿ ಅರವತ್ತು ಪಾಲು ಪ್ರಧಾನ ಬಣ್ಣ, ಮೂವತ್ತು ಪಾಲು ಅದಕ್ಕೆ ಒತ್ತಾಸೆಯಾದ ಬಣ್ಣ, ಹತ್ತು ಪಾಲು ಕಣ್ಸೆಳೆಯುವ ಬಣ್ಣ. ಮದುವೆಯಲ್ಲಿ ಅರವತ್ತು ಪಾಲನ್ನು ಬಹುಮಟ್ಟಿಗೆ ಮಂಟಪದ ಬಟ್ಟೆ, ಹಿನ್ನೆಲೆಯ ಪರದೆ, ಕಲ್ಯಾಣಮಂಟಪದ ಗೋಡೆಗಳೇ ಆಕ್ರಮಿಸಿಕೊಂಡಿರುತ್ತವೆ. ಆದ್ದರಿಂದ ಗೋಡೆಯ ಬಣ್ಣ ನೋಡದೆ ಸೀರೆಯ ಬಣ್ಣ ಗೊತ್ತುಮಾಡಬಾರದು. ಹಾಗೆಯೇ ಅರಿಶಿನ, ಹಸಿರು ಬಳೆ, ಕುಂಕುಮ ಇವು ಯಾವ ವರ್ಣಪಟ್ಟಿಯಲ್ಲಿ ಇರಲಿ ಬಿಡಲಿ, ವಧುವಿನ ಮೈಮೇಲೆ ಇದ್ದೇ ಇರುತ್ತವೆ. ಇವುಗಳ ಪಕ್ಕದಲ್ಲಿ ಬೂದುಹಸಿರು ಸೀರೆ ಮಂಕಾಗುತ್ತದೆ. ವೀಳ್ಯದೆಲೆಯ ಹಸಿರು ಮಂಕಾಗುವುದಿಲ್ಲ. ಈ ಮಾತನ್ನು ಗಾದಿಯ ಮೇಲೆಯೇ ಹಸಿರು ಬಳೆಯ ಡಜನ್ನೊಂದನ್ನು ಸೀರೆಯ ಮೇಲಿಟ್ಟು ತೋರಿಸಿದರೆ ವಾದಕ್ಕೆ ಎಡೆ ಇರುವುದಿಲ್ಲ.

ಇನ್ನು ಮೊಬೈಲಿನ ಪರದೆ. ಪರದೆಯ ಮೇಲಿನ ಬಣ್ಣವು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣ. ಬಟ್ಟೆಯ ಬಣ್ಣವು ನೂಲಿನೊಳಗೆ ಇಳಿದ ರಂಗಿನಿಂದ ಹಿಂದಿರುಗಿದ ಬೆಳಕು. ಒಂದೇ ಚೌಕದ ಬಣ್ಣವು ರೇಷ್ಮೆಯಲ್ಲಿ ಹೊಳೆಯುತ್ತದೆ, ಹತ್ತಿಯಲ್ಲಿ ಸಪ್ಪಗಾಗುತ್ತದೆ. ರೇಷ್ಮೆಗೂ ಹತ್ತಿಗೂ ಬಳಸುವ ರಂಗಿನ ಜಾತಿಯೇ ಬೇರೆ. ಪತ್ರಿಕೆ ಅಚ್ಚು ಹಾಕುವವರು ನಾಲ್ಕು ಶಾಯಿಗಳಿಂದ ಕೆಲಸ ಮಾಡುತ್ತಾರೆ, ಅವುಗಳಿಂದ ಚಿನ್ನದ ಹೊಳಪು ಹುಟ್ಟುವುದಿಲ್ಲ. ಅದಕ್ಕೆ ಫಾಯಿಲ್ ಅಥವಾ ವಿಶೇಷ ಶಾಯಿಯೇ ಬೇಕು, ದರವೂ ಬೇರೆ. ಇದಲ್ಲದೆ ಬೇರೆ ಬೇರೆ ರಂಗುಗಳಿಂದ ತಯಾರಾದ ಎರಡು ಬಟ್ಟೆಗಳು ಅಂಗಡಿಯ ದೀಪದಲ್ಲಿ ಒಂದೇ ಬಣ್ಣವಾಗಿ ಕಂಡು, ಬಿಸಿಲಿಗೆ ಹೋದೊಡನೆ ಎರಡಾಗಿ ಕಾಣುವುದುಂಟು. ನಮ್ಮ ಹಿರಿಯ ಹೆಂಗಸರು ಸೀರೆಯನ್ನು ಅಂಗಡಿಯ ಹೊಸ್ತಿಲಿನವರೆಗೆ ತಂದು ಹಗಲು ಬೆಳಕಿಗೆ ಹಿಡಿದು ನೋಡುತ್ತಿದ್ದುದು ಈ ಕಾರಣಕ್ಕೇ. ಈಗಿನ ಹವಾನಿಯಂತ್ರಿತ ಮಳಿಗೆಗಳಲ್ಲಿ ಹೊಸ್ತಿಲು ದೂರವಾಗಿದೆ. ಕಿಟಕಿಯ ಬಳಿ ಒಂದು ಮೇಜನ್ನಾದರೂ ಇರಿಸಬೇಕು.

ಕೇಳಿದ ಬಣ್ಣ ದಾಸ್ತಾನಿನಲ್ಲಿ ಇಲ್ಲದಾಗ ನೇಯಿಸಿಕೊಡುತ್ತೇವೆಂದು ವರ್ತಕರು ಒಪ್ಪಿಕೊಳ್ಳುತ್ತಾರೆ. ಇಲ್ಲಿ ಮಗ್ಗದ ವ್ಯವಹಾರವನ್ನು ತಿಳಿದು ಒಪ್ಪಿಕೊಳ್ಳುವುದು ಲೇಸು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನ ಕೆಂಪು ಬಿಳಿ ರೇಷ್ಮೆಯ ತೋಪುತೆನೆ ಆ ಸೀರೆಯ ಗುರುತು. ಒಡಲಿನ ಹಾಸನ್ನು ಒಂದು ಬಣ್ಣಕ್ಕೆ ಅದ್ದಿ ಮಗ್ಗಕ್ಕೆ ಏರಿಸಿದರೆ ಅದರಿಂದ ಹಲವು ಸೀರೆಗಳು ಇಳಿಯಬೇಕು. ಒಬ್ಬ ವಧುವಿಗಾಗಿ ಬೂದುಹಸಿರಿನ ಹಾಸು ಏರಿಸಿದರೆ ಒಂದು ಸೀರೆ ಆಕೆಗೆ ಹೋಗುತ್ತದೆ, ಉಳಿದವುಗಳ ಗತಿ ಏನು? ಇದಕ್ಕೆ ನೇಕಾರರೇ ಕಂಡುಕೊಂಡ ಉಪಾಯವೂ ಇದೆ. ಏರಿಸಿರುವ ಹಾಸನ್ನು ಹಾಗೆಯೇ ಇಟ್ಟುಕೊಂಡು ಹೊಕ್ಕಿನ ನೂಲನ್ನು ಮಾತ್ರ ಬದಲಿಸಿದರೆ ಬಟ್ಟೆಗೆ ಎರಡು ಬಣ್ಣಗಳ ಮಿಂಚು ಬರುತ್ತದೆ, ನಡೆದಾಡುವಾಗ ಒಮ್ಮೆ ಅದು, ಒಮ್ಮೆ ಇದು ತೋರುತ್ತದೆ. ದಾಳಿಂಬೆಯ ಹಾಸಿಗೆ ತಿಳಿಗುಲಾಬಿ ಹೊಕ್ಕು ಹಾಕಿದ ಸೀರೆ ವಧುವಿನ ಅಪೇಕ್ಷೆಗೂ ಹತ್ತಿರ, ಅದು ಬೇರೊಂದು ಮದುವೆಯಲ್ಲಿ ಕಾಣುವ ಸಂಭವವೂ ಕಡಿಮೆ. ಬದಲಿಸಬೇಕಾದುದು ಒಂದು ಸೀರೆಗೆ ಸಾಕಾಗುವಷ್ಟು ಹೊಕ್ಕಿನ ನೂಲು ಮಾತ್ರ. ಇಳಕಲ್, ಮೊಳಕಾಲ್ಮುರು ಸೀರೆಗಳಿಗೆ ಭೌಗೋಳಿಕ ಸೂಚಿಯ ನೋಂದಣಿ ಇದೆ. ಆದರೆ ಗ್ರಾಹಕರ ಮುಂದೆ ಆ ಫಲಕಕ್ಕಿಂತ ಈ ಹೊಕ್ಕಿನ ಉಪಾಯ ಹೆಚ್ಚು ಸರಕನ್ನು ಮಾರೀತೆಂದು ನನ್ನ ಎಣಿಕೆ.

ಒಪ್ಪಿದ ಬಣ್ಣವನ್ನು ದಾಖಲಿಸುವ ಬಗೆ ಹೇಗೆ? ನಮ್ಮಲ್ಲಿ ರಸೀದಿಯ ಮೇಲೆ "ಪಿಸ್ತಾ ಗ್ರೀನ್, ಒಂದು" ಎಂದು ಬರೆದು ಮುಗಿಸುತ್ತಾರೆ. ಪಿಸ್ತಾ ಎಂದರೆ ವಧುವಿನ ಮನಸ್ಸಿನಲ್ಲಿ ಒಂದು, ಗುಮಾಸ್ತನ ಕಣ್ಣಿನಲ್ಲಿ ಇನ್ನೊಂದು, ಬಣ್ಣಗಾರನ ಕಡಾಯಿಯಲ್ಲಿ ಮತ್ತೊಂದು. 1930ರ ಸರಕು ಮಾರಾಟ ಕಾಯ್ದೆಯ 17ನೆಯ ಕಲಮು ಮಾದರಿಯ ಮೇಲಿನ ಮಾರಾಟಕ್ಕೆ ಸಂಬಂಧಿಸಿದ್ದು. ಒಪ್ಪಿಸುವ ಸರಕು ಗುಣದಲ್ಲಿ ಮಾದರಿಗೆ ಹೊಂದಿರಬೇಕು, ಹೋಲಿಸಿ ನೋಡಲು ಖರೀದಿದಾರನಿಗೆ ಯುಕ್ತ ಅವಕಾಶವಿರಬೇಕು ಎಂದು ಅದು ವಿಧಿಸುತ್ತದೆ. ಆದ್ದರಿಂದ ಒಂದು ಬೆರಳಷ್ಟು ಅಗಲದ ನೂಲಿನ ಅಥವಾ ಬಟ್ಟೆಯ ತುಂಡನ್ನು ಮೂರು ಭಾಗ ಮಾಡಿ, ಆದೇಶದ ಮೂರು ಪ್ರತಿಗಳಿಗೆ ಹೊಲಿದು, ಗ್ರಾಹಕರ ಸಹಿ ಪಡೆದು, ಒಂದನ್ನು ಅವರಿಗೆ ಕೊಟ್ಟು ಒಂದನ್ನು ಘಟಕಕ್ಕೆ ಕಳುಹಿಸುವುದು ಉತ್ತಮ. ಹಗಲು ಬೆಳಕಿನಲ್ಲಿ ಹೋಲಿಸಲಾಗುವುದು ಎಂದೂ, ಕೈಬಣ್ಣದಲ್ಲಿ ಅಲ್ಪ ವ್ಯತ್ಯಾಸ ಸಹಜವೆಂದೂ ಅದರ ಕೆಳಗೆ ಬರೆಯಬೇಕು. ಅರ್ಧದಷ್ಟಾದರೂ ಮುಂಗಡ ಪಡೆಯಬೇಕು. ಗ್ರಾಹಕರು ಇದಕ್ಕೆ ಮುನಿಸಿಕೊಳ್ಳುತ್ತಾರೆಂಬ ಅಂಜಿಕೆ ನಿರಾಧಾರವಾದುದು. ಅಷ್ಟು ಶ್ರದ್ಧೆಯಿಂದ ವರ್ಣಪಟ್ಟಿ ತಯಾರಿಸಿ ತಂದವರು ಇಷ್ಟು ಶ್ರದ್ಧೆಯನ್ನು ಮೆಚ್ಚುತ್ತಾರೆ.

ಘಟಕದಿಂದ ಬಂದ ಸರಕಿನ ಬಣ್ಣ ಮಾದರಿಗೆ ಹೊಂದಲಿಲ್ಲವೆನ್ನಿ. ನಮ್ಮ ರೂಢಿಯೇನೆಂದರೆ ಸೀರೆಯನ್ನು ಕಪಾಟಿಗೆ ಸೇರಿಸಿಟ್ಟುಕೊಂಡು, ಎರಡು ತಿಂಗಳ ಬಳಿಕ ಲೆಕ್ಕ ಚುಕ್ತಾ ಮಾಡುವಾಗ "ಆ ಸಲದ ಬಣ್ಣ ಸರಿ ಬಂದಿರಲಿಲ್ಲ" ಎಂದು ಇಷ್ಟು ಹಣ ಮುರಿದುಕೊಳ್ಳುವುದು. ಎದುರಿಗಿರುವವನಿಗೆ ಆಗ ಏನೂ ಹೇಳಲು ಬಾಯಿಲ್ಲ. ಮುಂದಿನ ಹಂಗಾಮಿನ ಕೆಲಸವೂ ಇದೇ ಅಂಗಡಿಯಿಂದ ಬರಬೇಕು. ಈ ರೂಢಿ ಕಾನೂನಿಗೆ ವಿರುದ್ಧವಾದುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಸರಕಿನ ಬಗ್ಗೆ ಆಕ್ಷೇಪಣೆ ಇದ್ದರೆ ಅದು ತಲುಪಿದ ದಿನದಿಂದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ತಲುಪಿದ ದಿನವೇ ಸರಕನ್ನು ಅಂಗೀಕರಿಸಿದಂತೆ ಲೆಕ್ಕ. ಅಲ್ಲಿಂದ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಉದ್ಯಮ್ ನೋಂದಣಿ ಇರುವ ಸಣ್ಣ ನೇಯ್ಗೆ ಘಟಕಗಳಿಗೂ ಬಣ್ಣದ ಘಟಕಗಳಿಗೂ ಈ ರಕ್ಷಣೆ ಉಂಟು.

ಕಾಯ್ದೆಯ ಭಯ ಇಲ್ಲದವರಿಗೂ ತೆರಿಗೆಯ ಭಯ ಇರಬೇಕು. 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ 43ಬಿ(ಎಚ್) ಉಪಬಂಧದ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಈ ಅವಧಿ ಮೀರಿ ಬಾಕಿ ಉಳಿಸಿದ ಹಣವು ಸಂದಾಯವಾದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಪರಿಗಣಿತವಾಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ತ್ವವನ್ನು ಉಳಿಸಿಕೊಳ್ಳಲಾಗಿದೆ. ಮಾಘ, ಫಾಲ್ಗುಣಗಳ ಲಗ್ನಗಳಿಗಾಗಿ ಜನವರಿ, ಫೆಬ್ರವರಿಯಲ್ಲಿ ತರಿಸಿದ ಸರಕಿನ ಬಾಕಿ ಮಾರ್ಚ್ 31ಕ್ಕೆ ಪುಸ್ತಕದಲ್ಲಿ ನಿಂತಿದ್ದರೆ, ಬಾರದ ಲಾಭದ ಮೇಲೆ ತೆರಿಗೆ ಕಟ್ಟಬೇಕಾದೀತು. ಬಣ್ಣದ ತಕರಾರಿನ ನೆಪದಲ್ಲಿ ತಡೆಹಿಡಿದ ಬಾಕಿಗಳಲ್ಲಿ ಹೆಚ್ಚಿನವು ಇದೇ ತಿಂಗಳುಗಳವು.

ಎಲ್ಲ ಛಾಯೆಗಳನ್ನೂ ತುಂಬಿಡೋಣವೆನ್ನುವವರಿಗೆ ಒಂದು ಚಿಕ್ಕ ಲೆಕ್ಕ. ಹತ್ತು ಲಕ್ಷ ರೂಪಾಯಿಯ ತಿಳಿ ಛಾಯೆಗಳ ಸರಕು ಹದಿನೆಂಟು ತಿಂಗಳು ಕಪಾಟಿನಲ್ಲಿ ಉಳಿಯಿತೆಂದುಕೊಳ್ಳಿ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಬಡ್ಡಿ ಶೇಕಡ 11 ಎಂದು ಹಿಡಿದರೆ 1,65,000 ರೂಪಾಯಿ ಬಡ್ಡಿ. ಕೊನೆಗೆ ಖರೀದಿ ಬೆಲೆಗಿಂತ ಶೇಕಡ 20 ಕಡಿಮೆಗೆ ಮಾರಿದರೆ ಇನ್ನೂ 2,00,000. ಒಟ್ಟು 3,65,000. ನಿವ್ವಳ ಲಾಭ ಶೇಕಡ 8 ಇರುವ ಅಂಗಡಿ ಇದನ್ನು ತುಂಬಿಕೊಳ್ಳಲು ಸುಮಾರು 45 ಲಕ್ಷ 62 ಸಾವಿರ ರೂಪಾಯಿಯ ಹೆಚ್ಚಿನ ಮಾರಾಟ ಮಾಡಬೇಕು. ವರ್ಷಕ್ಕೊಂದು ಬಣ್ಣ ಬದಲಾಗುವ ಕಾಲದಲ್ಲಿ ಛಾಯೆಗಳ ದಾಸ್ತಾನು ಅಂಗಡಿಯ ಶೋಭೆಯಲ್ಲ, ಸಾಲ.

ಉಳಿದದ್ದನ್ನು ಏನು ಮಾಡಬೇಕು? ಲೆಕ್ಕಪದ್ಧತಿಯ ಮಾನಕದಂತೆ ದಾಸ್ತಾನನ್ನು ಅಸಲು ಮತ್ತು ನಿವ್ವಳವಾಗಿ ಬರಬಹುದಾದ ಬೆಲೆ ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಚಲಾವಣೆ ತಪ್ಪಿದ ಛಾಯೆಯನ್ನು ವರ್ಷಾನುಗಟ್ಟಲೆ ಅಸಲು ಬೆಲೆಗೇ ತೋರಿಸುತ್ತ ಹೋಗುವುದು ನಮ್ಮ ಪೇಟೆಯ ಹಳೆಯ ದೌರ್ಬಲ್ಯ. ಹಾಗೆಂದು ಪುಸ್ತಕದಿಂದ ಪೂರ್ತಿ ವಜಾ ಮಾಡಿದರೆ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5) ಕಲಮಿನಂತೆ ಆ ಸರಕಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಉಡುಗೊರೆಯಾಗಿಯೋ ಉಚಿತ ಮಾದರಿಯಾಗಿಯೋ ಕೊಟ್ಟರೂ ಹಾಗೆಯೇ. ಕಡಿಮೆ ಬೆಲೆಗಾದರೂ ಮಾರಿದರೆ ಜಮೆ ಉಳಿಯುತ್ತದೆ. ಲಗ್ನಗಳಿಲ್ಲದ ಆಷಾಢದ ರಿಯಾಯತಿ ಮಾರಾಟ ಇರುವುದೇ ಇದಕ್ಕೆ. ಅದನ್ನು ಬಿಟ್ಟು ಶ್ರಾವಣಕ್ಕೆ ಪೂರ್ತಿ ಬೆಲೆ ಬಂದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ.

ತೆರಿಗೆಯ ಇನ್ನೊಂದು ಅಂಶವನ್ನು ಗಾದಿಯ ಮೇಲೆಯೇ ಗ್ರಾಹಕರಿಗೆ ವಿವರಿಸುವುದು ಒಳಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ ಒಂದಕ್ಕೆ 2,500 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ತೆರಿಗೆ ಶೇಕಡ 18. ಹೊಲಿಗೆಯಿಲ್ಲದ ಸೀರೆಗೆ ಶೇಕಡ 5. ನಲವತ್ತು ಸಾವಿರದ ಲೆಹೆಂಗಾಕ್ಕೂ ಅದೇ ಬೆಲೆಯ ಸೀರೆಗೂ ನಡುವೆ ತೆರಿಗೆಯಲ್ಲಿಯೇ 5,200 ರೂಪಾಯಿ ಅಂತರವಿದೆ. ಮುಂಗಡದ ವಿಷಯದಲ್ಲಿಯೂ ವ್ಯತ್ಯಾಸವಿದೆ: ಸರಕಿನ ಮುಂಗಡಕ್ಕೆ ಆಗಲೇ ತೆರಿಗೆ ಕಟ್ಟಬೇಕಾಗಿಲ್ಲ, ಸೇವೆಯ ಮುಂಗಡಕ್ಕೆ ಕಟ್ಟಬೇಕು. ಅಲಂಕಾರದ ಗುತ್ತಿಗೆದಾರ ಸದಸ್ಯರು ಇದನ್ನು ಗಮನಿಸಬೇಕು.

ಅವರ ಬಗ್ಗೆ ಇನ್ನೊಂದು ಮಾತು. ತಿಳಿ ಛಾಯೆಯ ಮಂಟಪಕ್ಕಾಗಿ ಹೊರದೇಶದ ಹೂವು ತರಿಸುವ ಅಭ್ಯಾಸ ಬೆಳೆಯುತ್ತಿದೆ. ಸುಗಂಧರಾಜ, ಬಿಳಿ ಸೇವಂತಿಗೆ, ತಿಳಿಹಳದಿ ಸೇವಂತಿಗೆ, ಹಸಿರುಗೂಡಿದ ದವನ, ಇವನ್ನು ಬಲ್ಲವರು ಕಟ್ಟಿದರೆ ಅದೇ ಸೌಮ್ಯತೆ ಬರುತ್ತದೆ. ದವನದ ಬೂದುಹಸಿರು ಮೊಬೈಲಿನ ಚೌಕದ್ದೇ, ಮೇಲಾಗಿ ಪರಿಮಳವೂ ಇದೆ.

ಈ ಹಿನ್ನೆಲೆಯಲ್ಲಿ ಸಂಸ್ಥೆಯ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆಯನ್ನು ಇಡುತ್ತೇನೆ. 1963ರಲ್ಲಿ ಪ್ಯಾಂಟೋನ್ ಸಂಸ್ಥೆ ಮಾಡಿದ ಕೆಲಸ ಮೂಲತಃ ಸರಳವಾದುದು: ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ ಕೊಟ್ಟು, ಮುದ್ರಕನೂ ಗ್ರಾಹಕನೂ ಒಂದೇ ಹಾಳೆಯನ್ನು ನೋಡಿ ಮಾತನಾಡುವಂತೆ ಮಾಡಿದ್ದು. ನಮ್ಮ ಪೇಟೆಗೆ ಅಷ್ಟು ದೊಡ್ಡ ಪುಸ್ತಕ ಬೇಕಾಗಿಲ್ಲ. ನಲವತ್ತೆಂಟು ಬಣ್ಣಗಳ ಒಂದು ನೂಲಿನ ಪಟ್ಟಿ ಸಾಕು. ಪ್ರತಿ ಬಣ್ಣದ ರೇಷ್ಮೆಯ ಎಳೆ ಒಂದು, ಹತ್ತಿಯ ಎಳೆ ಒಂದು, ಪಕ್ಕದಲ್ಲಿ ಸಂಖ್ಯೆ, ಕೆಳಗೆ ನಮ್ಮವರು ಆಡುವ ಹೆಸರು: ಮೆಂತ್ಯ, ಈರುಳ್ಳಿ ಸಿಪ್ಪೆ, ಕಿರಮಂಜಿ, ಗಿಳಿಹಸಿರು, ನೇರಳೆ, ಬದನೆ, ಹಾಲುಕೆನೆ, ದವನ, ಇಟ್ಟಿಗೆ. ಬಣ್ಣದ ಘಟಕಗಳ ಸದಸ್ಯರು ಎಳೆಗಳನ್ನು ಅದ್ದಿಕೊಡಬಹುದು, ಮುದ್ರಣಾಲಯದ ಸದಸ್ಯರು ಅದೇ ಸಂಖ್ಯೆಗೆ ಹತ್ತಿರವಾದ ಶಾಯಿಯ ಪ್ರಮಾಣವನ್ನು ಹಿಂಬದಿಯಲ್ಲಿ ಅಚ್ಚು ಹಾಕಬಹುದು. ಮಾದರಿ ಆದೇಶಪತ್ರದ ಕರಡನ್ನು, ಬಣ್ಣದ ತಕರಾರಿನ 15 ದಿನಗಳ ಷರತ್ತನ್ನೂ ಸೇರಿಸಿ, ಯಾವ ಶುಲ್ಕವೂ ಇಲ್ಲದೆ ನಾನು ಸಿದ್ಧಪಡಿಸಿ ಕೊಡುತ್ತೇನೆ. ಎಳೆಗಳು ಬಿಸಿಲಿಗೆ ಮಾಸುವುದರಿಂದ ಪಟ್ಟಿಯನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕಾದೀತು. ಆಷಾಢದಲ್ಲಿ ಕೆಲಸ ಕೈಗೆತ್ತಿಕೊಂಡರೆ ತುಳಸಿ ವಿವಾಹದ ನಂತರದ ಲಗ್ನಗಳಿಗೆ ಪಟ್ಟಿ ಅಂಗಡಿಗಳನ್ನು ತಲುಪಬಹುದು.